ಒಂದು ಆಟವನ್ನು ಮೂರು ಕಂತಾಗಿ ಒಡೆಯಬಹುದೇ?

ಹೆಸರಾದ ಹಳೆಯ ನಾಟಕವೊಂದನ್ನು ಮತ್ತೆ ರಂಗಕ್ಕೆ ತರುವೆವೆಂದು ನಾಟಕದ ಕಂಪೆನಿಯೊಂದು ಸಾರಿತೆನ್ನೋಣ. ಜನರೆಲ್ಲ ಹಿಗ್ಗಿದ ಮೇಲೆ, ಈ ಸಲ ಮೊದಲನೆಯ ಅಂಕ ಮಾತ್ರ, ಮಿಕ್ಕದ್ದಕ್ಕೆ ಬೇರೆ ಟಿಕೆಟ್ಟು ಎಂದು ಹೇಳಿದರೆ ಪ್ರೇಕ್ಷಕರು ಏನೆಂದಾರು? 2015ರಲ್ಲಿ ವಿಡಿಯೋ ಆಟಗಳ ಲೋಕದಲ್ಲಿ ಹೆಚ್ಚುಕಡಮೆ ಇಂಥದೇ ಪ್ರಸಂಗ ನಡೆಯಿತು.

ಆಟದ ಹೆಸರು 'ಫೈನಲ್ ಫ್ಯಾಂಟಸಿ 7'. ಜಪಾನಿನ ಸ್ಕ್ವೇರ್ ಸಂಸ್ಥೆ ಇದನ್ನು 1997ರ ಜನವರಿ 31ರಂದು ಸೋನಿಯವರ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದಿತು. ಇದರ ಪುನರ್ನಿರ್ಮಾಣ ಬೇಕೆಂಬ ಬೇಡಿಕೆ ಹಳೆಯದು. 2005ರಲ್ಲಿ ಆರಂಭದ ದೃಶ್ಯವನ್ನಷ್ಟೇ ಹೊಸ ಯಂತ್ರದಲ್ಲಿ ರಚಿಸಿ ತೋರಿಸಿದಾಗ ಅದು ಇಮ್ಮಡಿಸಿತು. 2015ರ ಜೂನ್ ತಿಂಗಳಲ್ಲಿ, ಎನಿಕ್ಸ್‌ನೊಡನೆ ವಿಲೀನಗೊಂಡು ಸ್ಕ್ವೇರ್ ಎನಿಕ್ಸ್ ಆಗಿದ್ದ ಸಂಸ್ಥೆ, ಪೂರ್ಣ ಪುನರ್ನಿರ್ಮಾಣವನ್ನು ಘೋಷಿಸಿತು. ಡಿಸೆಂಬರಿನಲ್ಲಿ ಇನ್ನೊಂದು ಮಾತು ಹೊರಬಿತ್ತು: ಆಟ ಒಂದೇ ಆಗಿ ಬಾರದು, ಹಲವು ಕಂತುಗಳಲ್ಲಿ ಬರುವುದು. ಅಭಿಮಾನಿಗಳ ಹಿಗ್ಗು ಗುಮಾನಿಗೆ ತಿರುಗಿತು.

ಕಂತುಗಳ ಪರವಾಗಿ ವಾದಿಸಿದವರು ಒಂದು ಸುಲಭದ ಉತ್ತರವನ್ನು ಮುಂದಿಟ್ಟರು: ಮೂಲ ಆಟವೇ ಮೂರು ಸಿ.ಡಿ. ಬಿಲ್ಲೆಗಳಲ್ಲಿ ಬಂದಿರಲಿಲ್ಲವೇ? ಬಂದಿತ್ತು, ನಿಜ. ಆದರೆ ಕಾರಣವೇನೆಂದು ವಿಚಾರಿಸಬೇಕು. ಒಂದು ಬಿಲ್ಲೆಯಲ್ಲಿ ಸುಮಾರು 650 ಮೆಗಾಬೈಟ್‌ಗಳಷ್ಟು ಮಾಹಿತಿ ಹಿಡಿಯುತ್ತದೆ. ಆಟದ ಊರುಗಳು, ದಾರಿಗಳು ಮೂರು ಬಿಲ್ಲೆಗಳಲ್ಲಿಯೂ ಒಂದೇ ಬಗೆಯಾಗಿ ಇದ್ದವು. ಜಾಗವನ್ನು ನುಂಗಿದ್ದು ನಡುನಡುವೆ ಬರುವ ಚಲನಚಿತ್ರದ ತುಣುಕುಗಳು. ಮೇಲಾಗಿ ಮೂರೂ ಬಿಲ್ಲೆಗಳು ಒಂದೇ ಡಬ್ಬಿಯಲ್ಲಿ, ಒಂದೇ ಬೆಲೆಗೆ ದೊರೆತವು. ಬಿಲ್ಲೆ ಬದಲಾದರೂ ಆಟಗಾರನು ಗಳಿಸಿದ ಬಲ, ಆಯುಧಗಳೆಲ್ಲ ಹಾಗೆಯೇ ಉಳಿಯುತ್ತಿದ್ದವು. ಆದುದರಿಂದ ಈ ವಾದ ನಿಲ್ಲುವಂತಹುದಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ನಿರ್ಮಾಪಕರ ಕಷ್ಟ ಸುಳ್ಳೇ? ಅದೂ ಅಲ್ಲ. ಹಳೆಯ ಪ್ಲೇಸ್ಟೇಷನ್ನಿನ ಮುಖ್ಯ ಸ್ಮೃತಿ ಕೇವಲ 2 ಮೆಗಾಬೈಟ್. ಆದಕಾರಣ ಅಂದಿನ ಕುಶಲಿಗಳು ಒಂದು ಉಪಾಯ ಹೂಡಿದರು. ಬೀದಿ, ಮನೆ, ಕಾರ್ಖಾನೆಗಳನ್ನು ಮುಂಚೆಯೇ ಗಣಕಯಂತ್ರದಲ್ಲಿ ಸ್ಥಿರಚಿತ್ರಗಳಾಗಿ ಸಿದ್ಧಪಡಿಸಿ, ಆ ಪರದೆಯ ಮುಂದೆ ಕೆಲವೇ ಬಹುಭುಜಗಳಿಂದಾದ ಬೊಂಬೆಗಳನ್ನು ಓಡಾಡಿಸಿದರು. ಚಿತ್ರದಲ್ಲಿನ ಗೋಡೆಗೆ ಹಿಂಬದಿಯೇ ಇಲ್ಲ, ಬೇಕಾಗಿಯೂ ಇರಲಿಲ್ಲ. ಹೊಸ ಆಟದಲ್ಲಾದರೋ ಆಟಗಾರನು ಕ್ಯಾಮರಾವನ್ನು ಸುತ್ತಲೂ ತಿರುಗಿಸಬಲ್ಲನು. ಆದ್ದರಿಂದ ಪ್ರತಿಯೊಂದು ಗೋಡೆಗೂ ಹಿಂಬದಿ ಬೇಕು, ಪ್ರತಿಯೊಂದು ಪಾತ್ರಕ್ಕೂ ಕಂಠ ಬೇಕು.

ಲೆಕ್ಕವನ್ನು ನೋಡಿ. ಹಳೆಯ ಪರದೆಯ ಅಳತೆಯನ್ನು ಸುಮಾರು 320 × 240 ಎಂದಿಟ್ಟುಕೊಂಡರೆ 76,800 ಚಿತ್ರಬಿಂದುಗಳಾದವು. ಇಂದಿನ 1920 × 1080ರ ಪರದೆಯಲ್ಲಿ 20,73,600. ಎಂದರೆ 27 ಪಟ್ಟು. 3840 × 2160ರ ಪರದೆಯಲ್ಲಿ 108 ಪಟ್ಟು! ಬಿಲ್ಲೆಯ ಹೊಟ್ಟೆಯೂ ದೊಡ್ಡದಾಯಿತೆನ್ನಿ. 50 ಗಿಗಾಬೈಟ್ ಹಿಡಿಯುವ ಬ್ಲೂ-ರೇ ಬಿಲ್ಲೆ ಹಳೆಯ ಸಿ.ಡಿ.ಗಿಂತ ಎಪ್ಪತ್ತು ಪಟ್ಟಿಗೂ ಮಿಗಿಲು. ಆದರೆ ಬಿಲ್ಲೆ ಹಿಗ್ಗಿದ ಮಾತ್ರಕ್ಕೆ ಅದನ್ನು ತುಂಬಬೇಕಾದ ಚಿತ್ರಕಾರನ ದಿನ ಹಿಗ್ಗಲಿಲ್ಲ.

ಮೊದಲ ಕಂತು 2020ರ ಏಪ್ರಿಲ್ 10ರಂದು, ಎರಡು ಬ್ಲೂ-ರೇ ಬಿಲ್ಲೆಗಳಲ್ಲಿ ಬಂದಿತು. ಕಂಬಗಳ ಮೇಲೆ ನಿಂತ ಮಿಡ್ಗಾರ್ ನಗರವೊಂದೇ ಅದರ ವಸ್ತು. ಹಳೆಯ ಆಟದಲ್ಲಿ ಆರೇಳು ಗಂಟೆಗಳಲ್ಲಿ ಮುಗಿಯುತ್ತಿದ್ದ ಈ ಭಾಗ ಇಲ್ಲಿ ಮೂವತ್ತು ಗಂಟೆಗಳನ್ನೂ ಮೀರಿತು. ಮೂರು ದಿನಗಳಲ್ಲಿ 35 ಲಕ್ಷ ಪ್ರತಿಗಳು ಹೋದವೆಂದು ಸಂಸ್ಥೆ ಪ್ರಕಟಿಸಿತು. ಆದರೂ ಹಳಬರ ಕೊರಗು ಉಳಿಯಿತು. ನಗರದ ಇಕ್ಕಟ್ಟನ್ನು ದಾಟಿ ಮೊತ್ತಮೊದಲು ಬಯಲಿಗೆ ಕಾಲಿಡುವ ಗಳಿಗೆಯೇ ಮೂಲ ಆಟದ ಸೊಗಸು. ಹೊಸದರಲ್ಲಿ ಆ ಬಾಗಿಲಿಗೆ ಬರುವಷ್ಟರಲ್ಲಿ ಆಟವೇ ಮುಗಿಯಿತು.

ಬಯಲಿಗಾಗಿ ಸುಮಾರು ನಾಲ್ಕು ವರ್ಷ ಕಾಯಬೇಕಾಯಿತು. ಎರಡನೆಯ ಕಂತು 2024ರ ಫೆಬ್ರವರಿ 29ರಂದು ಬಂದಾಗ ಬಯಲು ಬಹು ವಿಶಾಲವಾಗಿಯೇ ತೆರೆಯಿತು. ಆದರೆ ಗುಮಾನಿಪಟ್ಟವರ ಎರಡು ಮಾತುಗಳು ದಿಟವಾದವು. ಅಮೆರಿಕದಲ್ಲಿ ಮೊದಲನೆಯದಕ್ಕೆ 60 ಡಾಲರ್, ಎರಡನೆಯದಕ್ಕೆ 70 ಡಾಲರ್ ಬೆಲೆ ಕಟ್ಟಲಾಗಿತ್ತು. ಮೊದಲ ಕಂತಿನಲ್ಲಿ ಬೆವರು ಸುರಿಸಿ ಗಳಿಸಿದ ಬಲ ಎರಡನೆಯದಕ್ಕೆ ದಾಟಲಿಲ್ಲ. ಹಳೆಯ ಆಟಗಾರರಿಗೆ ಸಣ್ಣದೊಂದು ಉಡುಗೊರೆ ಸಿಕ್ಕಿತು, ಅಷ್ಟೆ. ಇದಕ್ಕೆ ಯಂತ್ರದ ಮಿತಿ ಕಾರಣವೆನ್ನಲಾಗದು. ಹಳಬನೂ ಹೊಸಬನೂ ಒಂದೇ ಗೆರೆಯಿಂದ ಹೊರಡದಿದ್ದರೆ ಎದುರಾಳಿಗಳ ಬಲವನ್ನು ತೂಗಿ ಇಡುವುದು ಕಠಿಣ.

ಎಲ್ಲಕ್ಕಿಂತ ದೊಡ್ಡ ಭಯ ಬೇರೆಯದು: ಕಡೆಯ ಕಂತು ಬಾರದೇ ಹೋದರೆ? ಇದು ಬರಿಯ ಕಲ್ಪನೆಯಲ್ಲ. ವಾಲ್ವ್ ಸಂಸ್ಥೆ 'ಹಾಫ್-ಲೈಫ್ 2'ರ ಮುಂದಿನ ಕಥೆಯನ್ನು ಕಂತುಗಳಾಗಿ ಕೊಡಲು ಹೊರಟು, 2006ರಲ್ಲಿ ಒಂದನ್ನೂ 2007ರಲ್ಲಿ ಇನ್ನೊಂದನ್ನೂ ಕೊಟ್ಟಿತು. ಎರಡನೆಯದು ಕಥೆಯ ಬಿಗಿಯಾದ ಘಟ್ಟದಲ್ಲಿ ನಿಂತಿತು. ಮಾತು ಕೊಟ್ಟಿದ್ದ ಮೂರನೆಯದು ಬರಲೇ ಇಲ್ಲ.

ಸ್ಕ್ವೇರ್ ಎನಿಕ್ಸ್ ಕಂತುಗಳ ಸಂಖ್ಯೆಯನ್ನೇ 2022ರವರೆಗೆ ಬಿಚ್ಚಿ ಹೇಳಲಿಲ್ಲ. ಮೂರು ಎಂದು ಸಾರಿದ್ದು ಆ ವರ್ಷದ ಜೂನ್ ತಿಂಗಳಲ್ಲಿ. ಕೊಳ್ಳುವವನಿಗೆ ಮೊದಲ ದಿನವೇ ತಿಳಿಯಬೇಕಾದ ಸಂಗತಿಯಿದು. ಎರಡನೆಯ ಕಂತು ಮುಗಿಯುವುದು ಹಳೆಯ ಮೊದಲನೆಯ ಬಿಲ್ಲೆ ಮುಗಿದ ಎಡೆಯಲ್ಲಿಯೇ. ಉಳಿದೆರಡು ಬಿಲ್ಲೆಗಳ ಕಥೆಯೆಲ್ಲ ಮೂರನೆಯ ಕಂತಿನ ಪಾಲಿಗೆ ಬಂದಿದೆ. ಆ ಪೈಕಿ ಕೊನೆಯ ಬಿಲ್ಲೆಯಲ್ಲಿ ಕಡೆಯ ಕಾಳಗದ ಹೊರತು ಕಥೆ ಹೆಚ್ಚಿಲ್ಲವೆಂಬುದನ್ನು ಹಳೆಯ ಆಟಗಾರರು ಬಲ್ಲರು.