ಸಂದರ್ಶನದ ನಿಜವಾದ ತೂಕ

ಸರ್ಕಾರಿ ನೇಮಕಾತಿಯ ಚರ್ಚೆ ಬಂದಾಗಲೆಲ್ಲ ಸಂದರ್ಶನಕ್ಕೆ ಎಷ್ಟು ಅಂಕಗಳಿರಬೇಕು ಎಂಬ ಪ್ರಶ್ನೆಯೇ ಮುಂದಾಗುತ್ತದೆ. ಇದು ಹಳೆಯ ವ್ಯಾಜ್ಯ. 1964ರ ಚಿತ್ರಲೇಖಾ ಪ್ರಕರಣದಲ್ಲಿ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಸಂದರ್ಶನಕ್ಕೆ ಇರಿಸಿದ್ದ ಅಂದಿನ ಮೈಸೂರು ಸರ್ಕಾರದ ಕ್ರಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ 1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಎರಡು ಮೂರು ನಿಮಿಷಗಳ ಮಾತುಕತೆಗೆ ಮೂರನೆಯ ಒಂದು ಪಾಲು ಅಂಕ ನೀಡುವುದು ಸ್ವೇಚ್ಛಾಚಾರವೆಂದು ಹೇಳಿ, ಶೇ 15ರ ಮಿತಿಯನ್ನು ಸೂಚಿಸಿತು.

ಮಿತಿಯೊಳಗಿದ್ದ ಮಾತ್ರಕ್ಕೆ ವ್ಯವಸ್ಥೆ ಶುದ್ಧವಾಯಿತೆ? ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ ಗೆಜೆಟೆಡ್ ಪ್ರೊಬೇಷನರುಗಳ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ 1,750, ವ್ಯಕ್ತಿತ್ವ ಪರೀಕ್ಷೆಗೆ 200 ಅಂಕಗಳಿದ್ದವು. ಅಂದರೆ ಒಟ್ಟಿನ ಶೇ 10 ಚಿಲ್ಲರೆ. ಆದರೂ 362 ಮಂದಿಯ ಆಯ್ಕೆ ಸಿಐಡಿ ತನಿಖೆಗೆ ಒಳಗಾಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನು ಹಿಂದಕ್ಕೆ ಪಡೆಯಿತು. 2018ರಲ್ಲಿ ಹೈಕೋರ್ಟ್ ಆ ಕ್ರಮವನ್ನು ಸಮರ್ಥಿಸಿತು. ಕೊನೆಗೆ 2022ರಲ್ಲಿ ಶಾಸನವನ್ನೇ ತಂದು ಆ ಆಯ್ಕೆಯನ್ನು ಸಿಂಧುಗೊಳಿಸಲಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಂಕದ ತೂಕ ನಿರ್ಧಾರವಾಗುವುದು ಅದರ ಹರವಿನಿಂದ. ಮುಖ್ಯ ಪರೀಕ್ಷೆ ದಾಟಿ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವರು. ಅವರ ನಡುವಿನ ಅಂತರ ಐವತ್ತು ಅಂಕವೆಂದು ಭಾವಿಸೋಣ. ಮಂಡಳಿಯು ಒಬ್ಬನಿಗೆ 60, ಮತ್ತೊಬ್ಬನಿಗೆ 160 ಕೊಟ್ಟರೆ ವರ್ಷಗಟ್ಟಲೆಯ ಓದು ಅರ್ಧ ತಾಸಿನಲ್ಲಿ ಅಪ್ರಸ್ತುತವಾಗುತ್ತದೆ. ಎಲ್ಲರಿಗೂ 100ರಿಂದ 110ರೊಳಗೆ ಕೊಟ್ಟರೆ ಸಂದರ್ಶನ ಇದ್ದೂ ಇಲ್ಲದಂತೆ. ಈಗ ವ್ಯಕ್ತಿತ್ವ ಪರೀಕ್ಷೆಯ ಅಂಕ 25ಕ್ಕೆ ಇಳಿದಿರುವುದು ಸ್ವಾಗತಾರ್ಹವೇ. ಆದರೆ ಕಟ್ಟಕಡೆಯ ಸ್ಥಾನಕ್ಕೆ ಅರ್ಧ ಅಂಕದ ಪೈಪೋಟಿ ನಡೆಯುವಲ್ಲಿ 25 ಕೂಡ ಸಣ್ಣ ಸಂಖ್ಯೆಯಲ್ಲ.

ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದಲ್ಲಿರುವ, ಇಂಡಿ ತಾಲ್ಲೂಕಿನ ಲಚ್ಯಾಣದ ಪದವೀಧರನೊಬ್ಬ ನನ್ನನ್ನು ಕೇಳಿದ್ದ: ‘ಸರ, ಇದಕ್ಕ ಏನ್ ಓದಬೇಕ್ರಿ?’ ಲಿಖಿತ ಪರೀಕ್ಷೆಗೆ ಪಠ್ಯಕ್ರಮವಿದೆ, ಗ್ರಂಥಾಲಯವಿದೆ. ಸಂದರ್ಶನಕ್ಕೆ ಏನಿದೆ? ನಮ್ಮಲ್ಲಿ ರೂಢಿಯಲ್ಲಿರುವುದು ಹೆಚ್ಚಾಗಿ ಲಂಗುಲಗಾಮಿಲ್ಲದ ಸಂದರ್ಶನ. ಒಬ್ಬನಿಗೆ ‘ನಿಮ್ಮೂರಿನ ವಿಶೇಷವೇನು?’ ಎಂಬ ಪ್ರಶ್ನೆ. ಮುಂದಿನವನಿಗೆ ವಿತ್ತೀಯ ಕೊರತೆ. ಇಬ್ಬರ ಉತ್ತರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಉಚ್ಚಾರ, ಉಡುಪು, ಕುಳಿತುಕೊಳ್ಳುವ ಠೀವಿ ಇವೇ ಆಗ ಅಂಕಗಳಾಗುತ್ತವೆ. ‘ರೀ’ ಹಚ್ಚಿ ಮಾತಾಡುವ ಹುಡುಗ ಬಾಗಿಲಲ್ಲಿಯೇ ಎರಡು ಅಂಕ ಕಳೆದುಕೊಂಡಿರುತ್ತಾನೆ.

ಇದಕ್ಕೆ ಪರ್ಯಾಯವಾದ ಕ್ರಮಬದ್ಧ ಸಂದರ್ಶನದಲ್ಲಿ ಹುದ್ದೆಯ ಕೆಲಸದಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಎಲ್ಲರಿಗೂ ಅವೇ ಪ್ರಶ್ನೆಗಳು, ಮೊದಲೇ ಬರೆದಿಟ್ಟ ಅಳತೆಗೋಲು. ‘ಬರಗಾಲ, ಟ್ಯಾಂಕರ್ ಒಂದು, ನೀರು ಬೇಡುವ ಹಳ್ಳಿಗಳು ಎರಡು, ತಹಶೀಲ್ದಾರರಾಗಿ ಏನು ಮಾಡುವಿರಿ?’ ಎಂದು ಕೇಳಿ ನೋಡಿ. ಇಂಡಿ ಸೀಮೆಯ ಹುಡುಗನಿಗೆ ಈ ಪ್ರಶ್ನೆಯನ್ನು ಯಾವ ತರಬೇತಿ ಕೇಂದ್ರವೂ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಂದಿನ ಕೆಲಸದ ಗುಣಮಟ್ಟದೊಂದಿಗೆ ಕ್ರಮಬದ್ಧ ಸಂದರ್ಶನದ ಸಹಸಂಬಂಧ 0.42, ಕ್ರಮವಿಲ್ಲದ್ದರದು ಬರಿಯ 0.19.

ಸೇನಾಧಿಕಾರಿಗಳ ಆಯ್ಕೆಯ ಪದ್ಧತಿ, 1963ರಿಂದ ಸೈನಿಕ ಶಾಲೆಯಿರುವ ವಿಜಯಪುರಕ್ಕೆ ಅಪರಿಚಿತವಲ್ಲ. ಅಲ್ಲಿ ಐದು ದಿನಗಳ ಪರೀಕ್ಷೆ. ಮನಶ್ಶಾಸ್ತ್ರಜ್ಞ, ಗುಂಪು ಪರೀಕ್ಷೆಯ ಅಧಿಕಾರಿ, ಸಂದರ್ಶಕ ಮೂವರೂ ಪ್ರತ್ಯೇಕವಾಗಿ ಅಳೆದು, ಕೊನೆಯ ದಿನವಷ್ಟೇ ಒಟ್ಟಾಗಿ ಚರ್ಚಿಸುತ್ತಾರೆ. ನಾನು ಕುಳಿತಿದ್ದ ಕೆಲವು ಆಯ್ಕೆ ಸಮಿತಿಗಳಲ್ಲಿ ನಡೆಯುತ್ತಿದ್ದುದು ಇದಕ್ಕೆ ತದ್ವಿರುದ್ಧ: ಅಧ್ಯಕ್ಷರು ‘ಹುಡುಗ ಚೆನ್ನಾಗಿದ್ದಾನೆ’ ಎಂದೊಡನೆ ಉಳಿದವರ ಲೇಖನಿಗಳೂ ಅದೇ ದಿಕ್ಕಿಗೆ ಓಡುತ್ತಿದ್ದವು.

ಸಂದರ್ಶನವನ್ನೇ ತೆಗೆದುಹಾಕಿ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರ 2016ರಿಂದ ಕೆಳಹಂತದ ಹುದ್ದೆಗಳಿಗೆ ಹಾಗೆಯೇ ಮಾಡಿದೆ. ಗುಮಾಸ್ತರ ಮಟ್ಟಿಗೆ ಅದು ಸರಿ. ಆದರೆ 545 ಪಿಎಸ್‌ಐ ಹುದ್ದೆಗಳ ನೇಮಕಾತಿಯಲ್ಲಿ, 2022ರಲ್ಲಿ ಬಯಲಾದ ಅಕ್ರಮ ನಡೆದದ್ದು ಲಿಖಿತ ಪರೀಕ್ಷೆಯಲ್ಲಿಯೇ. ಜನರ ನಡುವೆ ನಿಂತು ತೀರ್ಮಾನ ಕೈಗೊಳ್ಳಬೇಕಾದ ಅಧಿಕಾರಿಯನ್ನು ಒಮ್ಮೆಯೂ ಮಾತನಾಡಿಸದೆ ನೇಮಿಸುವುದು ನನಗಂತೂ ಒಪ್ಪಿಗೆಯಿಲ್ಲ. ಸದಸ್ಯರು ಚರ್ಚೆಗೆ ಮೊದಲೇ ಪ್ರತ್ಯೇಕವಾಗಿ ಅಂಕ ಬರೆದು ಸಹಿ ಮಾಡಲಿ, ಕಾರಣ ನಮೂದಿಸಲಿ, ಮಾತುಕತೆಯ ಧ್ವನಿಮುದ್ರಣವಾಗಲಿ. ಧ್ವನಿಮುದ್ರಣದ ಸಲಹೆಯನ್ನು ಅಜಯ್ ಹಾಸಿಯಾ ತೀರ್ಪು ಟೇಪ್ ರೆಕಾರ್ಡರಿನ ಕಾಲದಲ್ಲಿಯೇ ಕೊಟ್ಟಿತ್ತು.