ಉತ್ತರ ಬಂದಿದೆ, ಬ್ರೌಸರ್ ಕೊಡುತ್ತಿಲ್ಲ

ವೆಬ್‌ಸೈಟ್ ಕಟ್ಟುವವರ ಮುಂದೆ ‘ಕೋರ್ಸ್ ಎರರ್’ ಎಂದು ನೋಡಿ, ಮುಖ ಹುಳ್ಳಗಾಗುತ್ತದೆ. ಪುಟ ಓಡುತ್ತಿರುವುದು ಲೋಕಲ್‌ಹೋಸ್ಟ್ 3000ದಲ್ಲಿ, ಡೇಟಾ ಕೊಡುವ ಸರ್ವರ್ ಲೋಕಲ್‌ಹೋಸ್ಟ್ 8000ದಲ್ಲಿ. ಎರಡೂ ಒಂದೇ ಲ್ಯಾಪ್‌ಟಾಪಿನೊಳಗೆ. ಆದರೂ ಪುಟ ಡೇಟಾ ಕೇಳಿದ ಕೂಡಲೇ ಕನ್ಸೋಲ್ ತುಂಬ ಕೆಂಪಕ್ಷರ. ಅದೇ ವಿಳಾಸವನ್ನು ಟರ್ಮಿನಲ್‌ನಲ್ಲಿ ಕರ್ಲ್ ಮೂಲಕ ಕೇಳಿ, ಉತ್ತರ ಸಲೀಸಾಗಿ ಬಂದು ಬೀಳುತ್ತದೆ.

ಸರ್ವರಿನ ಲಾಗ್ ತೆರೆದರೆ ಗುಟ್ಟು ರಟ್ಟಾಗುತ್ತದೆ. ಬ್ರೌಸರಿನ ಕೋರಿಕೆಯೂ ಅಲ್ಲಿಗೆ ತಲುಪಿದೆ, ಪಕ್ಕದಲ್ಲಿ 200 ಎಂದಿದೆ, ಅಂದರೆ ಉತ್ತರವೂ ಹೊರಟಿದೆ. ಹಾಸ್ಟೆಲಿಗೆ ಬಂದ ಪತ್ರವನ್ನು ವಾರ್ಡನ್ ತನ್ನ ಮೇಜಿನಲ್ಲೇ ಇಟ್ಟುಕೊಂಡ ಹಾಗೆ, ಬ್ರೌಸರ್ ಅದನ್ನು ಪುಟದ ಜಾವಾಸ್ಕ್ರಿಪ್ಟ್ ಕೈಗೆ ಕೊಡದೆ ತಡೆದಿದೆ, ಅಷ್ಟೆ.

ಈ ಕಟ್ಟುನಿಟ್ಟು ಜಾವಾಸ್ಕ್ರಿಪ್ಟಿನಷ್ಟೇ ಹಳೆಯದು. 1995ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಜೊತೆ ಎರಡೂ ಬಂದವು. ಒಂದು ಟ್ಯಾಬ್‌ನಲ್ಲಿ ಬ್ಯಾಂಕಿಗೆ ಲಾಗಿನ್ ಆಗಿದ್ದೀರಿ, ಇನ್ನೊಂದರಲ್ಲಿ ಯಾವುದೋ ಊರು ಪೇರಿಲ್ಲದ ಪುಟ ತೆರೆದಿದೆ. ಆ ಪುಟ ನಿಮ್ಮ ಕುಕಿಯ ಬಲದಿಂದ ಬ್ಯಾಂಕಿನ ಲೆಕ್ಕ ಓದಿಬಿಟ್ಟರೆ? (ಈಗ ಕುಕಿಗಳಿಗೆ ಸೇಮ್‌ಸೈಟ್ ಎಂಬ ಇನ್ನೊಂದು ಬೇಲಿಯೂ ಇದೆ.) ಹಾಗಾಗಿ ಪ್ರೊಟೊಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಇದ್ದರಷ್ಟೇ ‘ಒಂದೇ ಮೂಲ’. 3000 ಮತ್ತು 8000 ಬೇರೆ ಬೇರೆ ಪೋರ್ಟ್, ಹಾಗಾಗಿ ಪರಕೀಯರು. ಕರ್ಲ್‌ನಲ್ಲಿ ಬೇರೆಯವರ ಪುಟ ಓಡುವುದಿಲ್ಲ, ಕಾಯುವ ಗೋಜೂ ಇಲ್ಲ.

ಅನುಮತಿ ಕೊಡಬೇಕಾದದ್ದು ಡೇಟಾ ಇರುವ ಸರ್ವರ್. ಉತ್ತರದ ಜೊತೆ ‘ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್’ ಎಂಬ ಹೆಡರ್‌ನಲ್ಲಿ ಇಂಥ ಮೂಲಕ್ಕೆ ಓದಲು ಬಿಡಿ ಎಂದು ಅದು ಹೇಳಿದರೆ ಬ್ರೌಸರ್ ಬಿಡುತ್ತದೆ. ಈ ಏರ್ಪಾಡಿಗೇ ಕೋರ್ಸ್ ಎಂದು ಹೆಸರು. ಜೇಸನ್ ಕಳಿಸುವುದು, ಡಿಲೀಟ್ ಮಾಡುವುದು ಇಂಥವಕ್ಕೆ ಬ್ರೌಸರ್ ಮೊದಲೇ ಒಂದು ‘ಆಪ್ಷನ್ಸ್’ ಕೋರಿಕೆ ಕಳಿಸಿ ವಿಚಾರಿಸುತ್ತದೆ. ಒಪ್ಪಿಗೆ ಸಿಗದಿದ್ದರೆ ನಿಜವಾದ ಕೋರಿಕೆ ಹೊರಡುವುದೇ ಇಲ್ಲ.

ಆದರೆ ಸರ್ವರ್ ನಮ್ಮದಲ್ಲದಿದ್ದರೆ? ಸ್ಕ್ರಿಪ್ಟ್ ಟ್ಯಾಗ್‌ಗೆ ಈ ತಡೆ ಇಲ್ಲವೆಂಬುದನ್ನೇ ಹಿಡಿದು 2005ರಲ್ಲಿ ಜೇಸನ್‌ಪಿ ಎಂಬ ಉಪಾಯ ಹುಟ್ಟಿತು. ಡೇಟಾದ ಬದಲು ಪರರ ಕೋಡ್ ಅನ್ನೇ ಮನೆಯೊಳಗೆ ಕರೆದಂತಾಯಿತು, ಈಗ ಅದು ಬೇಡ. ಕ್ರೋಮ್ ಅನ್ನು ‘ಡಿಸೇಬಲ್-ವೆಬ್-ಸೆಕ್ಯುರಿಟಿ’ ಕೊಟ್ಟು ತೆರೆಯುವವರಿದ್ದಾರೆ. ತೆರೆಯಲೇಬೇಕೆಂದರೆ ಬೇರೆ ಪ್ರೊಫೈಲ್‌ನಲ್ಲಿ ತೆರೆಯಿರಿ, ಅದರಲ್ಲೇ ಜಿಮೇಲ್ ನೋಡಬೇಡಿ. ಸಿಕ್ಕಸಿಕ್ಕ ಪುಕ್ಕಟೆ ಪ್ರಾಕ್ಸಿಗಳಂತೂ ಬೇಡವೇ ಬೇಡ, ಹಾದುಹೋಗುವ ಟೋಕನ್‌ಗಳನ್ನೆಲ್ಲ ಅವು ಓದಬಲ್ಲವು.

ನನ್ನ ಮತ ಡೆವ್ ಸರ್ವರಿನ ಪ್ರಾಕ್ಸಿಗೆ. ವೀಟ್ ಆಗಲಿ ವೆಬ್‌ಪ್ಯಾಕ್ ಆಗಲಿ, ‘ಎಪಿಐ’ ಎಂದು ಶುರುವಾಗುವ ದಾರಿಗಳನ್ನೆಲ್ಲ 8000ಕ್ಕೆ ದಾಟಿಸು ಎಂದು ಒಂದೆರಡು ಸಾಲು ಬರೆದರೆ ಸಾಕು. ಬ್ರೌಸರ್ 3000ವನ್ನಷ್ಟೇ ಕಾಣುತ್ತದೆ. ಉಳಿದದ್ದು ಸರ್ವರ್‌ಗಳ ನಡುವಿನ ಮಾತು, ಅಲ್ಲಿ ತಡೆಯುವವರಿಲ್ಲ.

ಈ ಪ್ರಾಕ್ಸಿ ಡೆವ್ ಸರ್ವರಿನ ಜೊತೆಗೇ ನಿಲ್ಲುತ್ತದೆ. ಸೈಟ್ ಜನರ ಮುಂದೆ ಬರುವ ದಿನ ಎಂಜಿನ್‌ಎಕ್ಸ್‌ನಲ್ಲಿ ಇದೇ ಏರ್ಪಾಡು ಬೇಕು, ಇಲ್ಲವೇ ಸರ್ವರ್ ಆ ಅನುಮತಿಯ ಹೆಡರ್ ಕಳಿಸಬೇಕು. ಅದರಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲರಿಗೂ ಅನುಮತಿ, ಆದರೆ ಕುಕಿ ಸಮೇತ ಹೋದ ಕೋರಿಕೆಗೆ ಅದು ನಡೆಯದು, ಮೂಲದ ಹೆಸರನ್ನೇ ಬರೆಯಬೇಕು. ಆ ಹೆಸರಿನ ಕೊನೆಯಲ್ಲಿ ಒಂದು ಸ್ಲಾಷ್ ಹೆಚ್ಚಾದರೂ ಬ್ರೌಸರ್ ಒಪ್ಪುವುದಿಲ್ಲ.