ಡ್ರಮ್‌ಕ್ಲಿಫ್: ಒಂದು ಐರಿಷ್ ಗ್ರಾಮ ಮತ್ತು ಅದರ ಚರ್ಚು

ಐರ್ಲೆಂಡಿನ ಸ್ಲೈಗೊ ಪ್ರಾಂತದಲ್ಲಿ, ಬೆನ್‌ಬುಲ್ಬೆನ್ ಬೆಟ್ಟದ ಬುಡದಲ್ಲಿರುವ ಡ್ರಮ್‌ಕ್ಲಿಫ್ ಗ್ರಾಮದಲ್ಲಿ ಸಂತ ಕೊಲಂಬನು ಆರನೆಯ ಶತಮಾನದಲ್ಲಿ ಮಠವೊಂದನ್ನು ಸ್ಥಾಪಿಸಿದನೆಂಬುದು ಪರಂಪರಾಗತ ನಂಬಿಕೆ. ಮಠದ ಕುರುಹುಗಳಲ್ಲಿ ಮುಖ್ಯವಾದವು ಶಿಲ್ಪಖಚಿತವಾದ ಎತ್ತರದ ಶಿಲುಬೆ ಮತ್ತು ಮೊಟಕಾದ ದುಂಡು ಗೋಪುರ. ಶಿಲುಬೆಯ ಮೇಲೆ ಆದಾಮ, ಈವ, ಸಿಂಹಗಳ ನಡುವಿನ ದಾನಿಯೇಲ ಇವರ ಉಬ್ಬುಶಿಲ್ಪಗಳಿವೆ. ಓದುಬಾರದ ಭಕ್ತರಿಗೆ ಅದೇ ಧರ್ಮಗ್ರಂಥವಾಗಿದ್ದಿರಬೇಕು.

ಈಗಿನ ಚರ್ಚು 1809ರದು, ಆಂಗ್ಲಿಕನ್ ಪಂಥಕ್ಕೆ ಸೇರಿದುದು. ಕವಿ ಯೇಟ್ಸ್‌ನ ಮುತ್ತಜ್ಜ 1811ರಿಂದ 1846ರವರೆಗೆ ಇಲ್ಲಿ ಪಾದ್ರಿಯಾಗಿದ್ದನು. ಕವಿಯು ಇಲ್ಲಿಯೇ ಮಣ್ಣಾಗಬಯಸಿದುದಕ್ಕೆ ಈ ನಂಟೂ ಕಾರಣ. ಆತ 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡನು. ಆತನವೆಂದು ತಂದ ಅಸ್ಥಿಗಳನ್ನು 1948ರಲ್ಲಿ ಈ ಚರ್ಚಿನ ಅಂಗಳದಲ್ಲಿ ಹೂಳಲಾಯಿತು. ಆದರೆ ಅಲ್ಲಿನ ಗೋರಿಯಿಂದ ಮೂಳೆಗಳನ್ನು ಅದಕ್ಕೆ ಮೊದಲೇ ಸಾಮೂಹಿಕ ಅಸ್ಥಿಗೃಹಕ್ಕೆ ಸಾಗಿಸಲಾಗಿತ್ತು. ಡ್ರಮ್‌ಕ್ಲಿಫ್‌ನಲ್ಲಿರುವುದು ಯೇಟ್ಸನೇ ಎಂಬ ಬಗೆಗಿನ ಸಂಶಯವನ್ನು 2015ರಲ್ಲಿ ಬೆಳಕಿಗೆ ಬಂದ ಫ್ರೆಂಚ್ ರಾಜತಾಂತ್ರಿಕ ಪತ್ರಗಳು ಬಲಪಡಿಸಿವೆ.